ಹಾಸ್ಟೆಲ್ ಬಚ್ಚಲು ನೀರಲ್ಲೇ ಕ್ಯಾಂಪಸ್ ಗಿಡ ಉಳಿಸಿದೆವು

ಈ ಬೇಸಿಗೆ ನಮ್ಮ ರಾಯಚೂರು ಕ್ಯಾಂಪಸ್‌ನಲ್ಲಿ ಗಿಡಗಳಿಗೆ ಅಂತ ಒಂದೂ ಟ್ಯಾಂಕರ್ ತರಿಸಲಿಲ್ಲ. ಹೊಂಗೆ, ಬೇವು, ಬಸರಿ ಎಲ್ಲಾ ಹಾಸ್ಟೆಲ್ ಬಚ್ಚಲು ನೀರಲ್ಲೇ ಬದುಕಿದವು. "ಗಬ್ಬು ನಾರ್ತದ ಬಿಡ್ರಿ ಸರ" ಅಂದವರೇ ಈಗ ಎಸ್ಟಿಮೇಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತೊಟ್ಟಿಗೆ ಜಲ್ಲಿ ತುಂಬಿ, ಅದರಲ್ಲಿ ಜೊಂಡು ಹುಲ್ಲು, ಕಾಬಾಳೆ ಗಿಡ ನೆಟ್ಟು, ಬಚ್ಚಲು ನೀರನ್ನು ಅದರೊಳಗೆ ಹಾಯಿಸಿ ಸೋಸೋದು ಎಲ್ಲರಿಗೂ ಗೊತ್ತಿರೋದೇ. ನಮ್ಮನ್ನು ಸತಾಯಿಸಿದ್ದು ಇಲ್ಲಿನ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಗುತ್ತಿಗೆದಾರರು ಇಟ್ಟಿಗೆ ತೊಟ್ಟಿನೇ ಗಟ್ಟಿ ಅಂತ ಹಟ ಹಿಡಿದು ಕಟ್ಟಿದರು. ಒಂದು ಮಳೆಗಾಲಕ್ಕೆ ಮಣ್ಣು ಉಬ್ಬಿ ಗೋಡೆ ಒಳಕ್ಕೆ ಬಾಗಿತು, ಬೇಸಿಗೆಗೆ ಕೈ ತೂರುವಷ್ಟು ಬಿರುಕು. ಹತ್ತಿರ ಹತ್ತಿರ ಎಪ್ಪತ್ತು ಸಾವಿರ ರೂಪಾಯಿ ನೀರು ಪಾಲು. ಆಮೇಲೆ ಗೋಡೆಯೇ ಬೇಡ ಅಂತ ಇಳಿಜಾರು ಗುಂಡಿ ತೆಗೆಸಿ, ಸುತ್ತ ಮರಂ (ಗರಸು ಮಣ್ಣು) ಬಡಿದು, ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ ಪ್ಲಾಸ್ಟಿಕ್ ಶೀಟ್ ಹಾಸಿದೆವು. ಮಣ್ಣು ಅಲುಗಿದರೆ ಶೀಟೂ ಜೊತೆಗೆ ಅಲುಗುತ್ತದೆ, ಅಷ್ಟೇ. ಎಂಜಿನಿಯರ್ ನಕ್ಕಿದ್ದರು. ಈಗ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಹೊರಹೋಗುವ ಪೈಪಿನ ಎಲ್ಬೋ (ಬಾಗಿದ ತುದಿ) ಜಲ್ಲಿಯ ಮೇಲ್ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರಲಿ. ನೀರು ಮೇಲೆ ಕಾಣಬಾರದು. ಕಂಡರೆ ಸೊಳ್ಳೆಯೂ ಬಂತು, ನಾತವೂ ಬಂತು. ಒಳಬರುವ ಪೈಪಿನ ಬಾಯಿಗೆ ಉಳ್ಳಾಗಡ್ಡಿ ಚೀಲ ಎರಡು ಪದರ ಕಟ್ಟಿದ್ದೇವೆ. ಕೂದಲು, ಶಾಂಪೂ ಚೀಟಿ ಎಲ್ಲಾ ಅದರಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಚೀಲ ಬದಲಾಯಿಸಿದರೆ ಸಾಕು, ಮೆಸ್ಸಿನಲ್ಲಿ ಪುಕ್ಕಟೆ ಸಿಗುತ್ತದಲ್ವಾ.

ಮೆಸ್ ನೀರನ್ನು ಮಾತ್ರ ಇದಕ್ಕೆ ಸೇರಿಸಬೇಡಿ. ಗಂಜಿ, ಎಣ್ಣೆ ಸೇರಿ ಜಲ್ಲಿ ಮೇಲೆ ಕೆನೆ ಕಟ್ಟಿ, ಅಷ್ಟೂ ಜಲ್ಲಿ ಎತ್ತಿ ತೊಳೆಸಬೇಕಾಯಿತು. ಅದಕ್ಕೆ ಎಣ್ಣೆ ತಡೆಯುವ ತೊಟ್ಟಿ ಬೇರೆಯೇ ಮಾಡಿದ್ದೇವೆ. ಅದರೊಳಗೆ ಏನು ಹಾಕುತ್ತೇವೆ ಅನ್ನೋದನ್ನು ಇಲ್ಲಿ ಹೇಳಲ್ಲ, ಬಂದು ನೋಡಿದವರಿಗೆ ಹೇಳುತ್ತೇನೆ. ಬಟ್ಟೆ ಒಗೆಯುವ ನೀರೂ ಬೇರೆ ಕಡೆಗೇ. ಸೋಡಾ ಪುಡಿ ಎರೆ ಮಣ್ಣನ್ನು ಬಿಗಿ ಮಾಡಿಬಿಡುತ್ತದೆ. ಮೊದಲೇ ಬಿಗಿದಿದ್ದ ಪಾತಿಗಳಿಗೆ ಜಿಪ್ಸಂ ಕೊಟ್ಟೆವು.

ನಡುವೆ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಘಟಕದಿಂದ ಹೊರಬೀಳುವ ಉಪ್ಪು ನೀರನ್ನೂ ಸುಮ್ನೆ ನುಗ್ಗೆಗೆ ಬಿಟ್ಟು ನೋಡಿದೆವು. ಎಲೆಯ ಅಂಚು ಸುಟ್ಟಂತಾಗಿ, ಪಾತಿಯಲ್ಲಿ ಬಿಳಿ ಉಪ್ಪು ಎದ್ದಿತು. ಈಗ ಅದು ಶೌಚಾಲಯಕ್ಕೆ, ನೆಲ ಒರೆಸಲಿಕ್ಕೆ. ಅಲ್ಲಿ ಒಳ್ಳೆ ನೀರು ಉಳಿಯಿತು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ಲೆಕ್ಕ ಬಾಯಿಲೆಕ್ಕವೇ. ಇನ್ನೂರು ಹುಡುಗರು, ದಿನಕ್ಕೆ ಎಂಟು ಸಾವಿರ ಲೀಟರ್ ಆಸುಪಾಸು ಬಚ್ಚಲು ನೀರು. ಮುಂಚೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಟ್ಯಾಂಕರ್, ಒಂದಕ್ಕೆ ಏಳುನೂರರ ಹತ್ತಿರ. ಹೊಸ ಗುಂಡಿ, ಶೀಟ್, ಪೈಪ್, ಪಂಪು ಸೇರಿ ಒಂದೂವರೆ ಲಕ್ಷದ ಒಳಗೆ ಮುಗಿಯಿತು. ಎರಡನೇ ಬೇಸಿಗೆಗೆ ದುಡ್ಡು ವಾಪಸ್ ಬಂದ ಹಾಗೇ. ಡ್ರಿಪ್ ಹಾಕಿಸಿ ಎಂದು ಸಲಹೆ ಕೊಡೋರು ಜಾಸ್ತಿ. ತೂತು ಕಟ್ಟಿಕೊಳ್ಳುತ್ತದೆ, ಪಾತಿಗೆ ನೇರ ಬಿಡಿ.

ಜೊಂಡನ್ನು ಕೆರೆಯಿಂದ ಗಡ್ಡೆ ಸಮೇತ ತಂದು ಜೂನ್ ಮಳೆ ಬಿದ್ದ ಮೇಲೆ ನೆಡಿ. ಏಪ್ರಿಲ್‌ನಲ್ಲಿ ನೆಟ್ಟರೆ ನಮ್ಮ ಬಿಸಿಲಿಗೆ ಜಲ್ಲಿಯೇ ಕಾದು ಬೇರು ಬೆಂದುಹೋಗುತ್ತದೆ.