ಜರ್ಮನಿಗೆ ಹೊಸದಾಗಿ ಬಂದವ್ರಿಗೆ: ಟೈಮಿನ ಮಾತು ಮೊದ್ಲು ಕಲೀರಿ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡಿಂದ ಸ್ಟುಟ್‌ಗಾರ್ಟಿಗೆ ಬರೋ ಹುಡುಗ್ರು ಫೋನ್ ಮಾಡಿದಾಗೆಲ್ಲ ಜೋಳದ ಹಿಟ್ಟು ಎಲ್ಲಿ ಸಿಗ್ತೈತಿ ಅಂತ ಕೇಳ್ತಾರ. ಸಿಗ್ತೈತಿ, ಅದರ ಚಿಂತಿ ಬಿಡ್ರಿ. ಇಲ್ಲಿ ಬಾಡಿಗಿ ಮನಿಗೆ ಹೋದ 14 ದಿನದಾಗ ಆನ್‌ಮೆಲ್ಡುಂಗ್, ಅಂದ್ರ ಊರಿನ ಆಫೀಸಿನಾಗ ವಿಳಾಸದ ನೋಂದಣಿ, ಮಾಡಿಸ್ರಿ, ಬ್ಯಾಂಕು, ವಿಮಾ ಎಲ್ಲ ಅದರ ಹಿಂದ ಆಗ್ತಾವ. ನಾ ಹೇಳಬೇಕಂತಿರೋದು ಇಲ್ಲಿಯ ಟೈಮಿನ ಶಬ್ದಗಳ ಬಗ್ಗೆ, ಯಾಕಂದ್ರ ಹನ್ನೊಂದು ವರ್ಷದಾಗ ನಾವು ಕಳ್ಕೊಂಡಿದ್ದು ಬಾಳ ಮಟ್ಟಿಗೆ ಈ ಶಬ್ದ ತಿಳೀದ ಕಳ್ಕೊಂಡಿದ್ದು.

ಮೊದಲ್ನೇ ವರ್ಷ, ಹೆಂಡತಿಗೆ ಏಳು ತಿಂಗಳು, ಒಂದೇ ಖೋಲ್ಯಾಗ ಇದ್ವಿ, ಮನಿ ಹುಡುಕಿ ಹುಡುಕಿ ಸಾಕಾಗಿತ್ತು, ಆಗ ಒಬ್ಬ ಓನರು ಫೋನಿನಾಗ 'ಹಾಲ್ಬ್ ಡ್ರೈ'ಗೆ ಬಂದು ಮನಿ ನೋಡ್ರಿ ಅಂದ. ಡ್ರೈ ಅಂದ್ರ ಮೂರು, ಹಾಲ್ಬ್ ಅಂದ್ರ ಅರ್ಧ, ನನ್ನ ತಲಿಯಾಗ ಅದು ಮೂರೂವರಿ. ಮೂರೂಕಾಲಿಗೇ ಹೋಗಿ ನಿಂತ್ವಿ. ಬಾಗ್ಲ ಹಾಕಿತ್ತು, ಮನಿ ಬ್ಯಾರೆಯವ್ರಿಗೆ ಆಗಿಹೋಗಿತ್ತು. ಅವರ ಲೆಕ್ಕದಾಗ ಹಾಲ್ಬ್ ಡ್ರೈ ಅಂದ್ರ ಮೂರು ಆಗಾಕ ಇನ್ನ ಅರ್ಧ ತಾಸು ಐತಿ ಅಂತ, ಅಂದ್ರ ಎರಡೂವರಿ! ನಾವು ಆಗಿಹೋದ ತಾಸಿಗೆ ಅರ್ಧ ಕೂಡಿಸ್ತೀವಿ, ಇವರು ಬರೋ ತಾಸಿನ ಹೆಸರು ಹಿಡೀತಾರ. ಸ್ಟುಟ್‌ಗಾರ್ಟ್ ಇರೋ ಈ ಸ್ವಾಬಿಯಾ ಸೀಮಿ ಕಡಿ 'ಫಿರ್ಟೆಲ್ ಡ್ರೈ' ಅಂದ್ರ ಎರಡೂಕಾಲು, 'ಡ್ರೈಫಿರ್ಟೆಲ್ ಡ್ರೈ' ಅಂದ್ರ ಎರಡೂ ಮುಕ್ಕಾಲು. ಯಾರು ಟೈಮ್ ಹೇಳಿದ್ರೂ ನಾಚಿಕಿ ಬಿಟ್ಟು ಅಂಕಿಯಾಗ ಬರಸ್ಕೊಳ್ರಿ, 14:30 ಅಂತ. ಇವತ್ತಿಗೂ ಆ ಓಣ್ಯಾಗ ಹಾದ್ರ ಹೆಂಡತಿ ಆ ಬಾಲ್ಕನಿ ಕಡಿ ನೋಡ್ತಾಳ, ಏನೂ ಅನ್ನಂಗಿಲ್ಲ.

'ಟೆರ್ಮೀನ್' ಅಂದ್ರ ಮೊದ್ಲೇ ಗೊತ್ತು ಮಾಡಿದ ಟೈಮು. ಡಾಕ್ಟರಿಗೆ, ಆಫೀಸಿಗೆ, ಕಡೀಕ ಗೆಳ್ಯಾನ ಮನಿಗೂ ಬೇಕು. ಬರಾಕ ಆಗಲಿಲ್ಲಂದ್ರ 24 ತಾಸು ಮುಂಚೆ ತಿಳಿಸ್ರಿ, ತಪ್ಪಿಸಿದ್ರ ಕೆಲವು ಡಾಕ್ಟರು ರೊಕ್ಕ ಕೇಳ್ತಾರ. 'ಪ್ಯುಂಕ್ಟ್‌ಲಿಷ್' ಅಂದ್ರ ಹೊತ್ತಿಗೆ ಸರಿಯಾಗಿ ಬರೋದು, 'ಪುಂಕ್ಟ್' ಅಂದ್ರ ಚುಕ್ಕಿ, ಅದರಿಂದ ಬಂದ ಮಾತು. ನಮ್ಮೂರಾಗ ಹಿಂಗ ಇರೋ ಮನುಷ್ಯಾಗ ಗಡಿಯಾರ ಕಟ್ಕೊಂಡು ಹುಟ್ಯಾನ ಅಂತಿದ್ವಿ, ನಾನೂ ಇವರನ್ನ ಹಂಗ ಅಂದೀನಿ. ತಪ್ಪು ಅಂದೀನಿ.

ಅದು ತಿಳದದ್ದು ಮ್ಯಾಲಿನ ಮನಿ ಅಜ್ಜಿಯಿಂದ. ಮೂರಕ್ಕ ಕಾಫಿಗೆ ಕರದಿದ್ರು, ನಾವು ಹೋಗಿದ್ದು ಮೂರೂ ನಲವತ್ತಕ್ಕ. ನಮ್ ಕಡಿ ಹೇಳಿದ ಹೊತ್ತಿಗೇ ಹೋದ್ರ ಮನಿಯವ್ರಿಗೇ ತ್ರಾಸು, ಅಡಿಗಿ ಇನ್ನ ಒಲಿ ಮ್ಯಾಲೆ ಇರ್ತೈತಿ. ಆ ಅಜ್ಜಿ ನಲವತ್ತು ನಿಮಿಷ ಕಿಟಕ್ಯಾಗ ನಿಂತಿದ್ರು, ಟೇಬಲ್ ಮ್ಯಾಲೆ ಕೇಕು ಕೊಯ್ದು ಇಟ್ಟಿತ್ತು. "ಬಸುರಿಗೆ ಏನಾತೋ ಅಂತ ಹೆದ್ರಿದ್ದೆ" ಅಂದ್ರು. ಸಿಟ್ಟಿನ ಒಂದು ಮಾತಿಲ್ಲ, ನನಗ ಕೇಕು ಇಳೀಲಿಲ್ಲ.

ಇನ್ನೊಂದು ಶಬ್ದ 'ಕೇರ್‌ವೋಖೆ', ಗುಡಿಸೋ ವಾರ. ಒಂದು ಬೋರ್ಡು ನಿಮ್ಮ ಬಾಗ್ಲಿಗೆ ಬರ್ತೈತಿ, ಆ ವಾರ ಮೆಟ್ಟಲು, ಅಂಗಳ ನೀವು ಗುಡಿಸಿ ಒರಸಬೇಕು, ಆಮ್ಯಾಲೆ ಬೋರ್ಡು ಮುಂದಿನ ಮನಿಗೆ. ನಾನು ಎರಡು ಸಲ ತಪ್ಪಿಸಿದೆ, ಪತ್ರ ಬಂತು. ಅಪ್ಪನ ಮುಂದ ಫೋನಿನಾಗ ಬೈಕೊಂತ ಹೇಳಿದ್ರ ಅಪ್ಪ, "ಪಾಳಿ ಅಲ್ಲೇನೋ ತಮ್ಮ ಅದು?" ಅಂದ.

ನಮ್ಮ ಹೊಲ ಮಾನ್ವಿ ತಾಲೂಕಿನಾಗ, ತುಂಗಭದ್ರಾ ಎಡದಂಡೆ ಕಾಲುವಿ ಕಡೀ ಭಾಗದಾಗ. ಮುನಿರಾಬಾದಿನಾಗ ಡ್ಯಾಮಿನಿಂದ ಬಿಟ್ಟ ನೀರು ಮ್ಯಾಲಿನವ್ರದೆಲ್ಲ ದಾಟಿ ನಮಗ ಮುಟ್ಟಬೇಕು. ವಾರಬಂದಿ, ಅಂದ್ರ ಪಾಳಿ ಪ್ರಕಾರ ನೀರು ಬಿಡೋದು, ಇದ್ದಾಗ ಅಪ್ಪ ರಾತ್ರಿ ಎರಡಕ್ಕ ಬ್ಯಾಟರಿ ಹಿಡಕೊಂಡು ತೂಬಿನ ಹತ್ರ ಹೋಗ್ತಿದ್ದ, ಒಂದು ಗಳಿಗಿ, ಅಂದ್ರ 24 ನಿಮಿಷ, ತಡ ಆದ್ರೂ ಒಂದು ಮಡಿ ಭತ್ತ ಒಣಗ್ತಿತ್ತು. ತನ್ನ ಪಾಳಿ ಮುಗಿದ ಕೂಡ್ಲೇ ನೀರು ಕೆಳಗಿನವ್ರಿಗೆ ತಿರುವ್ತಿದ್ದ, ಅಲ್ಲೊಬ್ಬ ಚಳಿಯಾಗ ಕುಂತಾನ ಅಂತ. ಅವ್ವಗ ಸೋಮವಾರ ಏಳೂವರಿಯಿಂದ ಒಂಬತ್ತು ರಾಹುಕಾಲ ಅನ್ನೋದು ನಿದ್ದಿಗಣ್ಣಾಗೂ ಗೊತ್ತು. ನಮಗ ಟೈಮ್ ಗೊತ್ತಿಲ್ಲ ಅಂತ ಯಾರಿಗೂ ಅನ್ನಾಕ ಬಿಡಬ್ಯಾಡ್ರಿ, ನೀವೂ ಅನ್ಕೋಬ್ಯಾಡ್ರಿ. ಟೆರ್ಮೀನ್ ಅನ್ನೋದನ್ನ ಪಾಳಿ ಅಂತ ತಿಳ್ಕೊಳ್ರಿ, ಆ ಕಡಿ ಒಬ್ರು ಕಾಯಾಕತ್ಯಾರ. ಹಂಗ ತಿಳ್ಕೊಂಡ ಮ್ಯಾಲೆ ನಾನು ತಡ ಮಾಡಿದ್ದು ಕಡಿಮಿ.

ಮಗಳಿಗೆ ಈಗ ಹತ್ತು ವರ್ಷ. ಹೋದ ಸಲ ಊರಿಗೆ ಹೋದಾಗ ಬಾಜು ಮನಿ ಕಾಕಿ ಬಂದು ಕಟ್ಟಿ ಮ್ಯಾಲೆ ಕುಂತ್ರು, ಇಕಿ ನನ್ನ ಕಿವ್ಯಾಗ "ಇವರಿಗೆ ಟೆರ್ಮೀನ್ ಇತ್ತಾ?" ಅಂತ ಕೇಳಿದ್ಳು. ಕಾಕಿ ನಕ್ಕು "ಹಂಗ ಬಂದೆ ಅವ್ವಿ" ಅಂದ್ರು. 'ಹಂಗ ಬಂದೆ' ಅನ್ನೋದನ್ನ ಜರ್ಮನ್‌ದಾಗ ಮಗಳಿಗೆ ತಿಳಿಸಿ ಹೇಳಾಕ ಅವತ್ತೆಲ್ಲ ಒದ್ದಾಡಿದೆ. ಶಬ್ದ ಸಿಗ್ತಾವ, ಆದ್ರ ಹಂಗ ಬರೋ ಕಾಕಿ ಇಲ್ಲಿ ಆಕಿಗೆ ಸಿಗಂಗಿಲ್ಲ, ಅದಕ್ಕ ನನ್ನ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಊರಿಗೆ ಫೋನ್ ಮಾಡೋದ್ರಾಗೂ ಹುಷಾರು. ಬ್ಯಾಸಗ್ಯಾಗ ನಮಗೂ ಊರಿಗೂ ಮೂರೂವರಿ ತಾಸು ಫರಕು, ಅಕ್ಟೋಬರ್ ಕಡೀ ಭಾನುವಾರ ಇಲ್ಲಿ ಗಡಿಯಾರ ಹಿಂದ ತಿರುವಿದ ಮ್ಯಾಲೆ ನಾಕೂವರಿ, ಮಾರ್ಚ್ ಕಡೀ ಭಾನುವಾರ ಮತ್ತ ಮೂರೂವರಿ. ಒಂದು ಸಲ ಹೇಳೋದು ಮರೆತೆ, ಅವ್ವ ಒಂದು ತಾಸು ಫೋನ್ ತೊಡಿ ಮ್ಯಾಲೆ ಇಟ್ಕೊಂಡು ಉಣ್ಣದ ಕುಂತಿದ್ಳು. ಹಿಂದಿನ ವಾರನ ಹೇಳಿಬಿಡ್ರಿ.

ಶನಿವಾರ ಸಂಜಿ ಐದರ ಮ್ಯಾಲೆ ನಮ್ಮ ಮನಿಗೆ ಟೆರ್ಮೀನ್ ಬ್ಯಾಡ. ಫೋನೂ ಮಾಡಬ್ಯಾಡ್ರಿ, ಕೆಳಗ ಬೆಲ್ ಒತ್ರಿ, ಒಗ್ಗರಣಿ-ಮಿರ್ಚಿ ಇರ್ತಾವ. ಯಾಕ ಬಂದ್ರಿ ಅಂತ ಮಗಳು ಕೇಳಿದ್ರ ಹಂಗ ಬಂದ್ವಿ ಅನ್ರಿ. ಹತ್ತಕ್ಕ ಮಾತ್ರ ದನಿ ಇಳಸ್ರಿ, ಮ್ಯಾಲಿನ ಅಜ್ಜಿ ಮಲಗೋ ಹೊತ್ತು.