ಉಪ್ಪಿನ ಸರೋವರಕ್ಕಾಗಿ ಜಿಬೂಟಿಯಲ್ಲಿ ಮೂರು ರಾತ್ರಿ

ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡೇ ಬೆಳೆದವಳು ನಾನು. ಅಪ್ಪ ಅಲ್ಲೇ ದುಡಿದವರು. ಆಫೀಸಿನ ಕೆಲಸಕ್ಕೆ ಹತ್ತು ದಿನ ಇಥಿಯೋಪಿಯಾದ ಅಡಿಸ್ ಅಬಾಬಾಗೆ ಹೋಗಬೇಕೆಂದು ಗೊತ್ತಾದ ಕೂಡಲೇ ನೆನಪಾದದ್ದು ಪಕ್ಕದ ಜಿಬೂಟಿ ದೇಶದ ಅಸ್ಸಾಲ್ ಸರೋವರ. ಸಮುದ್ರಮಟ್ಟಕ್ಕಿಂತ ಸುಮಾರು 155 ಮೀಟರ್ ಕೆಳಗಿದೆ, ಕಡಲಿಗಿಂತ ಹತ್ತು ಪಟ್ಟು ಉಪ್ಪು. ಅಡಿಸ್‌ನಿಂದ ಜಿಬೂಟಿ ನಗರಕ್ಕೆ ವಿಮಾನದಲ್ಲಿ ಒಂದು ತಾಸು. ರೈಲೂ ಇದೆ, ಆದರೆ ಅದಕ್ಕೆ ಇಡೀ ಹಗಲು ಬೇಕು. ಮೂರೇ ದಿನ ಇದ್ದ ನನಗೆ ಅದು ಹೊಂದಲಿಲ್ಲ.

ತಡೆದದ್ದು ಖರ್ಚು. ಜಿಬೂಟಿ ಕಲ್ಲುನೆಲದ ದೇಶ, ಬೆಳೆಯೆಂಬುದು ಇಲ್ಲವೇ ಇಲ್ಲವೆನ್ನಬಹುದು. ತರಕಾರಿ ಇಥಿಯೋಪಿಯಾದಿಂದ ಬರಬೇಕು, ಉಳಿದದ್ದು ಹಡಗಿನಲ್ಲಿ. ಅಮೆರಿಕ, ಫ್ರಾನ್ಸ್, ಜಪಾನ್, ಚೀನಾ ಎಲ್ಲರ ಸೇನಾ ನೆಲೆಗಳೂ ಆ ಪುಟ್ಟ ದೇಶದಲ್ಲಿವೆ. ಹೋಟೆಲಿನಲ್ಲಿ ಉಳಿಯುವವರಲ್ಲಿ ಹೆಚ್ಚಿನವರದು ಕಚೇರಿ ಕೊಡುವ ದುಡ್ಡು, ಹಾಗಾಗಿ ಬಾಡಿಗೆ ಇಳಿಯುವುದೇ ಇಲ್ಲ. ನಾನು ಲೆಕ್ಕ ಹಾಕಿದ್ದು ಹೀಗೆ: ದುಡ್ಡು ಸುರಿಯುವುದಾದರೆ ಅಸ್ಸಾಲ್‌ಗೆ ಮಾತ್ರ. ಮಿಕ್ಕದ್ದೆಲ್ಲ ಅದರ ಸುತ್ತ ಹೊಂದಿಕೊಳ್ಳಲಿ.

ತಿಂಗಳು ಜನವರಿ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಏಸಿ ಇಲ್ಲದ ಕೋಣೆಯಲ್ಲಿ ಇರಲಾಗದು. ಜನವರಿಯಾದ್ದರಿಂದ ಫ್ಯಾನಿನ ಕೋಣೆ ಸಾಕಾಯಿತು, ಅಲ್ಲೇ ಅರ್ಧ ಬಾಡಿಗೆ ಉಳಿಯಿತು. ಜಿಬೂಟಿಯನ್ನು ಪ್ರಯಾಣದ ಕೊನೆಗೆ ಇಟ್ಟುಕೊಂಡೆ. ಮೊದಲೋ ನಡುವೆಯೋ ಇಟ್ಟಿದ್ದರೆ ಇಥಿಯೋಪಿಯಾ ಒಳಗೆ ಮತ್ತೆ ಹೋಗಲು ಇನ್ನೊಮ್ಮೆ ವೀಸಾ ನೋಡಬೇಕಿತ್ತು. ಕೊನೆಗಾದರೆ ಅಡಿಸ್‌ನಲ್ಲಿ ವಿಮಾನ ಬದಲಿಸಿ ಮುಂಬೈಗೆ ಬಂದರಾಯಿತು. ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬಾರದು. ಇಥಿಯೋಪಿಯಾದಲ್ಲಿ ಇದ್ದು ಬಂದವರಿಗೆ ನಮ್ಮ ದೇಶದಲ್ಲೇ ಆ ಕಾರ್ಡು ಕೇಳುತ್ತಾರೆ. ಲಸಿಕೆ ಹಾಕಿಸಿ ಹತ್ತು ದಿನವಾದ ಮೇಲೆಯೇ ಅದಕ್ಕೆ ಬೆಲೆ. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರದಿಯೂ ಇರುತ್ತದೆ. ನಾನು ತಿಂಗಳ ಮೊದಲೇ ಹಾಕಿಸಿದ್ದೆ.

ಒಂದು ಕಡೆ ಎಡವಿದೆ. ಗುರುವಾರ ರಾತ್ರಿ ಇಳಿದೆ, ಕೈಯಲ್ಲಿದ್ದದ್ದು ನೂರು ಡಾಲರಿನ ಎರಡು ಹಳೆಯ ನೋಟು, ಒಂದರ ಮೂಲೆ ಹರಿದಿತ್ತು. ದುಡ್ಡು ಬದಲಿಸುವವರು ಎರಡನ್ನೂ ಬೇಡವೆಂದರು. ಶುಕ್ರವಾರ ಅಲ್ಲಿ ವಾರದ ರಜೆ, ಬಾಗಿಲುಗಳೆಲ್ಲ ಮುಚ್ಚಿದ್ದವು. ವಸತಿಗೃಹದ ಅಮ್ಮ ಕೈಸಾಲವಾಗಿ ಒಂದಿಷ್ಟು ಫ್ರಾಂಕ್ ಕೊಡದಿದ್ದರೆ ಶುಕ್ರವಾರದ ಅಸ್ಸಾಲ್ ತಪ್ಪುತ್ತಿತ್ತು. ಹೊಸ, ಮಡಿಕೆಯಿಲ್ಲದ, ಸಣ್ಣ ನೋಟುಗಳನ್ನೇ ಒಯ್ಯಿರಿ. ದರದ ಬಗ್ಗೆ ಚಿಂತೆ ಬೇಡ, ಜಿಬೂಟಿ ಫ್ರಾಂಕನ್ನು 1949ರಿಂದಲೂ ಡಾಲರಿಗೆ ಕಟ್ಟಿಹಾಕಿದ್ದಾರೆ. ಈಗ ಒಂದು ಡಾಲರಿಗೆ ಸುಮಾರು 177 ಫ್ರಾಂಕ್.

ಅಸ್ಸಾಲ್‌ಗೆ ಜೀಪಿನಂಥ ಗಾಡಿಯೇ ಬೇಕು. ದಿನಕ್ಕೆ 160 ಡಾಲರ್ ಹೇಳಿದರು. ಒಬ್ಬಳೇ ಕೊಡಲು ಮನಸ್ಸಾಗಲಿಲ್ಲ. ಅದೇ ವಸತಿಗೃಹದ ಇಬ್ಬರು ಫ್ರೆಂಚ್ ಪ್ರವಾಸಿಗರನ್ನು ವಾರದ ಮೊದಲೇ ಮೇಲ್ ಮಾಡಿ ಜೊತೆ ಮಾಡಿಕೊಂಡಿದ್ದೆ. ನಸುಕಿನ ಐದೂವರೆಗೇ ಹೊರಡುವುದೆಂದು ಹಟ ಹಿಡಿದೆ. ಬಿಸಿಲು ಒಂದು ಕಾರಣ. ಇನ್ನೊಂದು, ಮಧ್ಯಾಹ್ನದ ಹೊತ್ತಿಗೆ ಇಥಿಯೋಪಿಯಾದಿಂದ ಕಾಟ್ ಎಂಬ ಅಮಲಿನ ಸೊಪ್ಪು ಬಂದಿಳಿಯುತ್ತದೆ. ಅದನ್ನು ಕೆನ್ನೆಯಲ್ಲಿ ಒತ್ತಿಟ್ಟು ಜಗಿಯುವ ಹೊತ್ತಿನಲ್ಲಿ ಊರಿನ ಕೆಲಸವೆಲ್ಲ ನಿಧಾನವಾಗುತ್ತದೆ. ಚಾಲಕರಿಗೂ ಬೇಗ ಹೊರಟು ಬೇಗ ಮರಳುವುದು ಇಷ್ಟವೇ ಆಗಿತ್ತು.

ಹೆದ್ದಾರಿಯ ತುಂಬ ಇಥಿಯೋಪಿಯಾದ ಲಾರಿಗಳು. ಆಮೇಲೆ ಕಪ್ಪು ಲಾವಾ ಕಲ್ಲಿನ ಇಳಿಜಾರು, ಕೊನೆಗೆ ಕಣ್ಣು ಕುಕ್ಕುವ ಬಿಳಿ. ಚಪ್ಪಲಿ ಬಿಟ್ಟು ಇಳಿದೆ. ಉಪ್ಪಿನ ಹೊರಪದರ ಗಾಜಿನ ಚೂರಿನಂತೆ ಚುಚ್ಚಿತು, ಮತ್ತೆ ಹಾಕಿಕೊಂಡೆ. ದಡದಲ್ಲಿ ಬೊಗಸೆಗೆ ಸಿಕ್ಕಿದ್ದು ಪುಡಿಯೂ ಅಲ್ಲ, ಹರಳೂ ಅಲ್ಲ. ಸಾಬಕ್ಕಿಯಂಥ, ಕೆಲವು ಗೋಲಿಯಷ್ಟು ದಪ್ಪದ ದುಂಡು ಉಪ್ಪು. ಅಲೆ ಉರುಳಿಸಿ ಉರುಳಿಸಿ ಹಾಗಾಗುತ್ತದೆಯಂತೆ. ಇದೇ ಉಪ್ಪನ್ನು ಆ ಸೀಮೆಯ ಅಫಾರ್ ಜನ ಒಂಟೆಗಳ ಮೇಲೆ ಹೇರಿ ಇಥಿಯೋಪಿಯಾಕ್ಕೆ ಒಯ್ಯುತ್ತಿದ್ದರು. ದಡದಲ್ಲಿ ಮಾರುತ್ತಿದ್ದ ಹುಡುಗನಿಂದ ಒಂದು ಚೀಲ ಕೊಂಡೆ. ಆಗರದಲ್ಲಿ ನಮ್ಮವರು ಹಲಗೆಯಿಂದ ಎಳೆದು ರಾಶಿ ಹಾಕುವ ಉಪ್ಪು ಕಣ್ಣಮುಂದೆ ಬಂತು. ಎಷ್ಟೋ ಹೊತ್ತು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದೆ.

ಶನಿವಾರ ಊರು. ಬಂದರು, ಸೇನೆ, ಸರ್ಕಾರಿ ಕಟ್ಟಡ ಕಂಡರೆ ಫೋನು ಚೀಲದೊಳಗೇ ಇರಲಿ. ಹಮೂದಿ ಮಸೀದಿಯ ಸುತ್ತಲಿನ ಹಳೆಯ ಮಾರುಕಟ್ಟೆಯನ್ನು ನಡೆದೇ ನೋಡಿದೆ, ಅದಕ್ಕೆ ಕಾಸಿಲ್ಲ. ಬೆಳಿಗ್ಗೆ ಜೇನು ಹಾಕಿದ ಲಹೋಹ್ ತಿಂದೆ, ನಮ್ಮ ಸೆಟ್ ದೋಸೆಯ ತಂಗಿಯಂತಿತ್ತು. ರಾತ್ರಿ ಯೆಮನಿಗಳ ಹೋಟೆಲಿನಲ್ಲಿ ಮೀನು: ಬೆನ್ನು ಸೀಳಿ ಅಗಲಿಸಿ, ಕೆಂಪು ಖಾರ ಹಚ್ಚಿ, ಆಳವಾದ ಮಣ್ಣಿನ ಒಲೆಯೊಳಗೆ ಇಳಿಬಿಟ್ಟು ಸುಟ್ಟದ್ದು, ಜೊತೆಗೆ ತಟ್ಟೆ ಮೀರುವ ರೊಟ್ಟಿ. 2,500 ಫ್ರಾಂಕ್, ಅಂದರೆ 14 ಡಾಲರ್. ಇಬ್ಬರಿಗೆ ಸಾಕಾಗುವಷ್ಟಿತ್ತು, ಒಬ್ಬಳೇ ಮುಗಿಸಿದೆ.

ಮನೆಗೆ ಬಂದು ಚೀಲ ಬಿಚ್ಚಿದಾಗ ಅಪ್ಪ ಒಂದು ಉಂಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನಮ್ಮಲ್ಲಿ ನೀರು ಅಲುಗಬಾರದು ಅಂತ ಕಾಯ್ತೇವೆ, ಇದನ್ನ ಅಲೆಯೇ ಕಟ್ಟಿದೆಯಲ್ಲ ತಂಗಿ" ಅಂದರು. ಆ ಉಂಡೆ ಈಗಲೂ ಅವರ ಕನ್ನಡಕದ ಡಬ್ಬಿಯಲ್ಲಿದೆ.