ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಔಷಧ ಸ್ಟಾಕಿಗೆ ಇನ್ಸೆಂಟಿವ್ ಹೆಂಗ ಇಡಬೇಕು

ಯಾದಗಿರಿ ಬ್ಯಾಸಗ್ಯಾಗ ಒಆರ್‌ಎಸ್ (ಭೇದಿ ಆದಾಗ ನೀರಾಗ ಕಲಿಸಿ ಕುಡಿಸೋ ಪುಡಿ) ಖಾಲಿ ಆದ್ರ ಕೂಸುಗಳ ಜೀವಕ್ಕ ಕುತ್ತು, ಅದಕ್ಕ ಫಾರ್ಮಸಿಸ್ಟಿಗೆ ಇನ್ಸೆಂಟಿವ್ ಕೊಡೋದಾದ್ರ ಮೊದಲಿಗೆ ಹತ್ತು ಮುಖ್ಯ ಔಷಧ ಆರಿಸ್ರಿ, ಅವುಗಳ ಸ್ಟಾಕ್ ನೋಡಿ ಅಂಕ ಹಾಕ್ರಿ, ಅಂಕದ ಮ್ಯಾಲ ರೊಕ್ಕ ಕೊಡ್ರಿ. ಬರೇ ಸ್ಟಾಕ್ ಖಾಲಿ ಆಗಬಾರ್ದು ಅಂತ ಗುರಿ ಇಟ್ರ ಡಬ್ಬಿ ಮ್ಯಾಲ ಡಬ್ಬಿ ತರಿಸಿ ಪೇರಿಸ್ತಾರ, ಆಮ್ಯಾಲ ಎಕ್ಸ್‌ಪೈರಿ ಆಗಿ ಹಾಳಾಗ್ತದ, ಹಂಗಾಗಿ ಎಕ್ಸ್‌ಪೈರಿ ಆದ್ರ ಅಂಕ ಕಡಿಮಿ ಮಾಡ್ರಿ. ರಿಜಿಸ್ಟರ್‌ನ್ಯಾಗ 40 ಪಾಕೀಟು ಅಂತ ಇದ್ರ ಕಪಾಟು ತಗದು ಎಣಿಸಿದಾಗ್ಲೂ 40 ಇರಬೇಕು, ನನಗ ಇದೇ ಎಲ್ಲಕ್ಕಿಂತ ದೊಡ್ಡ ಅಂಕ. ಎಣಿಸೋರು ಬ್ಯಾರೆ ಪಿಎಚ್‌ಸಿಯವರು ಇರ್ಲಿ, ಹೇಳದೇ ಬರ್ಲಿ. ಲಸಿಕೆ ಫ್ರಿಜ್ಜು 2ರಿಂದ 8 ಡಿಗ್ರಿ ಒಳಗ, ಮುಂಜಾನೆ ಸಂಜಿ ನೋಡಿ ಬರೀಬೇಕು. ಜಿಲ್ಲಾ ಗೋದಾಮಿಂದನೇ ಮಾಲು ಬರಲಿಲ್ಲಂದ್ರ ಫಾರ್ಮಸಿಸ್ಟಿನ ರೊಕ್ಕ ಹಿಡೀಬ್ಯಾಡ್ರಿ, ಇಂಡೆಂಟ್ (ಮಾಲು ಬೇಕಂತ ಕಳಿಸೋ ಬೇಡಿಕಿ ಚೀಟಿ) ಹಾಕಿದ ತಾರೀಖು ನೋಡ್ರಿ. ರೊಕ್ಕ ಮೂರು ತಿಂಗಳಿಗೊಮ್ಮೆ ತಪ್ಪದೇ ಕೊಡ್ರಿ, ಲೇಟಾದ್ರ ಯಾರೂ ನಂಬಂಗಿಲ್ಲ.